ಮಗುವಿಗೆ ಎಸ್‌ಜಿಪಿಟಿ ಜಾಸ್ತಿ ಅಂತ ಲಿವರ್ ಔಷಧಿ ಕೊಡ್ತಿದ್ದೀರಾ? ಒಮ್ಮೆ ಸ್ನಾಯುವಿನ ರಕ್ತ ಪರೀಕ್ಷೆ ಸಿಪಿಕೆ ಮಾಡಿಸಿ (ನರ, ಸ್ನಾಯು, ಮೆದುಳಿನ ಪರೀಕ್ಷೆಗಳ ಬಗ್ಗೆ ನಿಮ್ಮ ಅನುಭವವನ್ನೂ ಬರೆಯಿರಿ)

ತೀರ್ಥಹಳ್ಳಿ_ಅಮ್ಮ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬರೆಯಬೇಕು ಅಂತ ಮೂರು ವರ್ಷದಿಂದ ಅಂದುಕೊಳ್ತಾ ಇದ್ದೆ, ಇವತ್ತು ಕೂತಿದ್ದೀನಿ.

ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ, ಅಂದರೆ ಸ್ನಾಯುಗಳು ಬರಬರುತ್ತಾ ಸೋಲುವ, ಜೀನ್‌ನಿಂದ ಬರುವ ಖಾಯಿಲೆ. ಅದು ಗೊತ್ತಾಗಿದ್ದು ಆರನೇ ವರ್ಷದಲ್ಲಿ. ಅದಕ್ಕೂ ಮುಂಚೆ 14 ತಿಂಗಳು ಅವನಿಗೆ ಲಿವರ್ ತೊಂದರೆ ಅಂತ ಔಷಧಿ ನಡೆದಿತ್ತು.

ಶುರುವಾಗಿದ್ದು ಒಂದು ಜ್ವರದಿಂದ. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 286, ಎಸ್‌ಜಿಓಟಿ 240 ಅಂತ ತುಂಬಾ ಜಾಸ್ತಿ ಬಂತು (ಲಿವರ್ ಪರೀಕ್ಷೆಯಲ್ಲಿ ನೋಡುವ ಎರಡು ಕಿಣ್ವಗಳು). ಕಣ್ಣು ಹಳದಿ ಇರಲಿಲ್ಲ, ಮೂತ್ರದ ಬಣ್ಣ ಸರಿಯಾಗೇ ಇತ್ತು, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಕೂಡ ನಾರ್ಮಲ್. ಆದರೂ ಲಿವರ್ ಊತ ಅಂದರು. ಸಿರಪ್ ಬರೆದರು. ಊರಲ್ಲಿ ಕಾಮಾಲೆ ಅಂತ ನಾಟಿ ಔಷಧಿಯೂ ಆಯ್ತು. ಎಣ್ಣೆ, ತುಪ್ಪ ಬಂದ್. ಒಗ್ಗರಣೆ ಇಲ್ಲದ ತಿಳಿಸಾರು, ಅನ್ನ. "ಅಮ್ಮಾ, ಒಂದೇ ಒಂದು ಹನಿ ತುಪ್ಪ" ಅಂತ ತಟ್ಟೆ ಮುಂದೆ ಹಿಡೀತಿದ್ದ. ನಾನು ಕೊಡಲಿಲ್ಲ. ಎರಡು ತಿಂಗಳಿಗೊಮ್ಮೆ ರಕ್ತ ತೆಗೆಸೋದು, ಮತ್ತೆ ಅದೇ 250, 300. ಔಷಧಿ ಬದಲಾಯಿಸೋದು.

ಅಷ್ಟು ದಿನವೂ ಖಾಯಿಲೆ ನಮ್ಮ ಕಣ್ಣ ಮುಂದೆಯೇ ಇತ್ತು. ಊಟ ಮುಗಿಸಿ ನೆಲದಿಂದ ಏಳುವಾಗ ಅವನು ಮೊದಲು ಮಗುಚಿ ಎರಡೂ ಕೈ ನೆಲಕ್ಕೆ ಊರುತ್ತಿದ್ದ. ಸೊಂಟ ಮೇಲೆತ್ತಿ, ಒಂದು ಕೈ ಮೊಣಕಾಲಿಗೆ, ಆಮೇಲೆ ಇನ್ನೊಂದು ಕೈ ತೊಡೆಗೆ, ಹೀಗೆ ತನ್ನ ಮೈಯನ್ನೇ ತಾನು ಹತ್ತಿಕೊಂಡು ಎದ್ದು ನಿಲ್ಲುತ್ತಿದ್ದ. ಮುದ್ದಾಗಿ ಕಾಣ್ತಿತ್ತು, ಅಭ್ಯಾಸ ಅಂದುಕೊಂಡೆವು. ಮೀನಖಂಡ ದಪ್ಪಗೆ ಗಟ್ಟಿಯಾಗಿತ್ತು. "ಪೈಲ್ವಾನ ಆಗ್ತಾನೆ" ಅಂತ ನಮ್ಮ ಮಾವ ಹೆಮ್ಮೆಪಡುತ್ತಿದ್ದರು. ಉಪ್ಪರಿಗೆ ಮೆಟ್ಟಿಲಿಗೆ ಸದಾ ಗೋಡೆ ಹಿಡಿಯುತ್ತಿದ್ದ.

ಕೊನೆಗೆ ಲಿವರ್ ಬಯಾಪ್ಸಿ (ಸಣ್ಣ ಚೂರು ತೆಗೆದು ನೋಡೋದು) ಮಾಡೋಣ ಅಂತ ಅಡ್ಮಿಟ್ ಮಾಡಿಸಿಕೊಂಡರು. ಹಿಂದಿನ ಸಂಜೆ ವಾರ್ಡಿನಲ್ಲಿ ಅವನ ಕಾರು ಮಂಚದ ಕೆಳಗೆ ಹೋಯ್ತು. ತೆಗೆದುಕೊಂಡು ಎದ್ದ, ತನ್ನದೇ ರೀತಿಯಲ್ಲಿ. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ಅಲ್ಲೇ ನಿಂತು ನೋಡಿದರು. "ಪುಟ್ಟಾ, ಇನ್ನೊಂದು ಸಲ ಕೂತು ಎದ್ದೇಳು" ಅಂದರು. ಮೀನಖಂಡ ಮುಟ್ಟಿ ನೋಡಿದರು. ಇಡೀ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಬಯಾಪ್ಸಿಗೆ ಮುಂಚೆ ಒಂದು ರಕ್ತ ಪರೀಕ್ಷೆ ಮಾಡೋಣ ಅಮ್ಮ, ಸಿಪಿಕೆ ಅಂತ" ಅಂದರು.

ಆ ಲ್ಯಾಬಿನ ಪ್ರಕಾರ 200ರ ಒಳಗೆ ಇರಬೇಕಾಗಿದ್ದು 17,640 ಬಂತು. ಮಿಷನ್ ಕೆಟ್ಟಿರಬೇಕು ಅಂದುಕೊಂಡೆ. ಮಾರನೇ ದಿನದ ಬಯಾಪ್ಸಿ ರದ್ದಾಯ್ತು.

ಎಸ್‌ಜಿಪಿಟಿ, ಎಸ್‌ಜಿಓಟಿ ಲಿವರ್‌ನಲ್ಲಿ ಮಾತ್ರ ಇರೋದಲ್ಲ, ಸ್ನಾಯುವಿನಲ್ಲೂ ಇವೆ ಅಂತ ನನಗೆ ತಿಳಿದಿದ್ದು ಅವತ್ತು. ಸ್ನಾಯು ಒಡೆದು ಸೋರುತ್ತಿದ್ದರೂ ಅವು ರಕ್ತದಲ್ಲಿ ಏರುತ್ತವೆ. ಆದರೆ ರಿಪೋರ್ಟಿನ ತಲೆಬರಹದಲ್ಲಿ "ಲಿವರ್ ಫಂಕ್ಷನ್ ಟೆಸ್ಟ್" ಅಂತ ಇರುತ್ತಲ್ಲ, ಎಲ್ಲರೂ ಲಿವರ್ ಅಂದುಕೊಂಡೇ ಮುಂದೆ ಹೋಗುತ್ತಾರೆ. ಸಿಪಿಕೆ ಕೆಲವೇ ನೂರು ರೂಪಾಯಿಯ ಪರೀಕ್ಷೆ. ಆಮೇಲೆ ಎಂಎಲ್‌ಪಿಎ ಅನ್ನೋ ಜೀನ್ ಪರೀಕ್ಷೆಯಲ್ಲಿ 45ರಿಂದ 50ರವರೆಗಿನ ಎಕ್ಸಾನ್‌ಗಳು (ಜೀನಿನ ತುಂಡುಗಳು) ಇಲ್ಲ ಅಂತ ಬಂತು. ಸೂಜಿ ಚುಚ್ಚುವ ಇಎಂಜಿಯಾಗಲಿ, ಸ್ನಾಯು ಬಯಾಪ್ಸಿಯಾಗಲಿ ಬೇಕಾಗಲೇ ಇಲ್ಲ.

ಯಾರ ಮೇಲೂ ದೂರು ಹೇಳೋಕೆ ಬರೆದಿದ್ದಲ್ಲ. ಇನ್ನೊಬ್ಬ ತಾಯಿ ಓದಲಿ ಅಂತ. ಇಇಜಿ, ಎಂಆರ್‌ಐ, ಇಎಂಜಿ, ಬೆನ್ನಿನ ನೀರು ಪರೀಕ್ಷೆ ಮಾಡಿಸಿಕೊಂಡವರು ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಯಾವ ಪರೀಕ್ಷೆ ಯಾಕೆ ಅಂತ ಮೊದಲೇ ತಿಳಿದಿದ್ದರೆ ಅರ್ಧ ಹೆದರಿಕೆ ಕಮ್ಮಿಯಾಗುತ್ತೆ.

ದಾವಣಗೆರೆ_ಬೆಣ್ಣೆ · ರಾತ್ರಿ 10:15

ಅಕ್ಕಾ, ಓದ್ತಾ ಓದ್ತಾ ಕೈ ನಡುಗ್ತಿದೆ. ನನ್ನ ಮಗನಿಗೆ ನಾಲ್ಕೂವರೆ ವರ್ಷ. ಆರು ತಿಂಗಳಿಂದ ಎಸ್‌ಜಿಪಿಟಿ 180-190ರಲ್ಲೇ ಇದೆ. ಲಿವರ್ ಸಿರಪ್ ಕೊಡ್ತಿದ್ದೀವಿ. ಅವನು ಓಡ್ತಾನೆ, ಆದರೆ ಬೇಗ ಸುಸ್ತು ಅಂತಾನೆ. ಸಿಪಿಕೆ ಯಾರೂ ಹೇಳಿಲ್ಲ. ಏನು ಮಾಡಲಿ?

ತೀರ್ಥಹಳ್ಳಿ_ಅಮ್ಮ · ರಾತ್ರಿ 10:22

ತಂಗಿ, ಗಾಬರಿ ಬೇಡ. ನಾಳೆ ನಿಮ್ಮ ಡಾಕ್ಟರ ಹತ್ತಿರಾನೇ ಹೋಗಿ, "ಇದು ಸ್ನಾಯುವಿನಿಂದ ಬಂದಿರಬಹುದಾ, ಸಿಪಿಕೆ ನೋಡೋಣ್ವಾ" ಅಂತ ಕೇಳಿ. ಇಷ್ಟೇ. ಕೇಳೋದಕ್ಕೆ ಸಂಕೋಚ ಬೇಡ. ನಾನು 14 ತಿಂಗಳು ಸಂಕೋಚಪಟ್ಟೆ.

ಮೈಸೂರು_ಮಕ್ಕಳ_ಡಾಕ್ಟರ್ · ರಾತ್ರಿ 11:05

ತೀರ್ಥಹಳ್ಳಿಯ ಅಮ್ಮನವರು ಬರೆದದ್ದು ಅಕ್ಷರಶಃ ನಿಜ. ಡುಶೆನ್ ಮಕ್ಕಳು ಲಿವರ್ ವಿಭಾಗ ಸುತ್ತಿ ಬರುವುದು ಪ್ರಪಂಚದ ಎಲ್ಲ ಕಡೆಯೂ ಕಂಡಿರುವ ತಪ್ಪು. ನನ್ನ ಕಿರಿಯ ವೈದ್ಯರಿಗೆ ನಾನು ಹೇಳುವುದು ಇಷ್ಟು: ಎಸ್‌ಜಿಪಿಟಿ ಏರಿದೆ, ಬಿಲಿರುಬಿನ್ ಸರಿಯಾಗಿದೆ, ಮಗು ಆರಾಮಾಗಿದೆ ಅಂದರೆ ಜಿಜಿಟಿ (ಲಿವರ್ ಪರೀಕ್ಷೆಯ ಇನ್ನೊಂದು ಕಿಣ್ವ) ಮತ್ತು ಸಿಪಿಕೆ ಎರಡನ್ನೂ ಒಟ್ಟಿಗೆ ಕಳಿಸಿ. ಜಿಜಿಟಿ ಸ್ನಾಯುವಿನಿಂದ ಏರುವುದಿಲ್ಲ. ಅದು ಸರಿಯಿದ್ದು ಸಿಪಿಕೆ ಸಾವಿರಗಳಲ್ಲಿ ಇದ್ದರೆ ಲಿವರ್ ಬಿಟ್ಟು ಸ್ನಾಯುವಿನ ಕಡೆ ನೋಡಬೇಕು.

ಮಗು ಕೈ ಊರಿ ಏಳುವ ಆ ರೀತಿಗೆ ಗವರ್ಸ್ ಚಿಹ್ನೆ ಎನ್ನುತ್ತಾರೆ. 19ನೇ ಶತಮಾನದ ಬ್ರಿಟಿಷ್ ವೈದ್ಯ ವಿಲಿಯಂ ಗವರ್ಸ್ ಇದನ್ನು ವಿವರವಾಗಿ ಬರೆದಿಟ್ಟರು. ಸೊಂಟ, ತೊಡೆಯ ಸ್ನಾಯು ಸೋತಾಗ ಮಗು ತಾನಾಗಿ ಕಂಡುಕೊಳ್ಳುವ ಉಪಾಯ ಅದು. ಯಂತ್ರ ಬೇಡ, ಖರ್ಚಿಲ್ಲ. ಮಗುವನ್ನು ನೆಲದ ಮೇಲೆ ಕೂರಿಸಿ ಏಳಲು ಹೇಳಬೇಕು, ಅಷ್ಟೇ. ನಮ್ಮ ಓಪಿಡಿಗಳಲ್ಲಿ ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿಯೇ ನೋಡಿ ಕಳಿಸಿಬಿಡುತ್ತೇವೆ. ಇದು ನಮ್ಮ ಕಡೆಯ ಲೋಪ, ಒಪ್ಪಿಕೊಳ್ಳುತ್ತೇನೆ.

ಜೀನ್ ಪರೀಕ್ಷೆಯ ಬಗ್ಗೆ ಒಂದು ಮಾತು. ಡುಶೆನ್‌ನಲ್ಲಿ ತಪ್ಪಿರುವುದು ಡಿಸ್ಟ್ರೋಫಿನ್ ಜೀನ್. ಅದು ಬಹಳ ದೊಡ್ಡದು, 79 ಎಕ್ಸಾನ್‌ಗಳಿವೆ. ಅದರಲ್ಲಿ ಒಂದು ತುಂಡು ಬಿಟ್ಟುಹೋಗಿದ್ದರೆ ಅಥವಾ ಎರಡು ಸಲ ಬಂದಿದ್ದರೆ ಎಂಎಲ್‌ಪಿಎ ಹಿಡಿಯುತ್ತದೆ. ಸುಮಾರು ಮುಕ್ಕಾಲು ಪಾಲು ಮಕ್ಕಳಲ್ಲಿ ಅಲ್ಲೇ ಉತ್ತರ ಸಿಗುತ್ತದೆ. ಸಿಗದಿದ್ದರೆ "ಖಾಯಿಲೆ ಇಲ್ಲ" ಅಂತ ಅಲ್ಲ. ಒಂದೇ ಅಕ್ಷರದ ತಪ್ಪಿರಬಹುದು, ಅದಕ್ಕೆ ಇಡೀ ಜೀನ್ ಓದುವ ಸೀಕ್ವೆನ್ಸಿಂಗ್ ಬೇಕು. ಅಲ್ಲೂ ಸಿಗದಿದ್ದಾಗ ಈಗ ಸ್ನಾಯು ಬಯಾಪ್ಸಿಗೆ ಹೋಗುತ್ತೇವೆ. ಹಿಂದೆ ಅದೇ ಮೊದಲ ಹೆಜ್ಜೆಯಾಗಿತ್ತು.

ದಾವಣಗೆರೆಯ ತಾಯಿಗೆ: 180-190 ಎನ್ನುವ ಸಂಖ್ಯೆಯೊಂದರಿಂದಲೇ ಏನೂ ಹೇಳಲಾಗದು. ನಿಜವಾಗಿ ಲಿವರ್ ತೊಂದರೆಯೇ ಇರಬಹುದು. ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ.

ಹುಬ್ಬಳ್ಳಿ_ಇಎಂಜಿ · ಸೋಮವಾರ ಬೆಳಿಗ್ಗೆ 7:30

ನಮಸ್ಕಾರ್ರಿ. ನಾ ಹುಬ್ಬಳ್ಳಿ ಕಡೆ ಒಂದು ದವಾಖಾನಿಯೊಳಗ ಟೆಕ್ನಿಶಿಯನ್ ಅದೇನಿ. ನರದ ಟೆಸ್ಟ್ ಮಾಡಕೋಂತ 14 ವರ್ಷ ಆತು. ಮಂದಿ ಭಾಳ ಅಂಜಿ ಬರ್ತಾರ. "ಕರೆಂಟ್ ಕೊಡ್ತಾರಂತ" ಅಂತ ಊರಾಗ ಯಾರೋ ಹೇಳಿ ಕಳಿಸಿರ್ತಾರ.

ಎರಡು ಟೆಸ್ಟ್ ಅದಾವ್ರಿ, ಒಂದೇ ಹೊತ್ತಿಗೆ ಮಾಡ್ತೀವಿ ಅಂತ ಜನ ಒಂದೇ ಅಂತ ತಿಳಕೊಂಡಾರ. ಮೊದಲಿಂದು ಎನ್‌ಸಿವಿ. ಇದರಾಗ ಸಣ್ಣ ಶಾಕ್ ಇರ್ತೈತಿ. ಮಣಿಕಟ್ಟಿನ ಹತ್ರ ಒಂದು ಸಲ, ಮೊಣಕೈ ಹತ್ರ ಒಂದು ಸಲ ಕೊಟ್ಟು, ಆ ಸಂದೇಶ ಹೆಬ್ಬೆಟ್ಟಿನ ಬುಡಕ್ಕ ಮುಟ್ಟಾಕ ಎಷ್ಟು ಹೊತ್ತು ಹಿಡೀತು ಅಂತ ಅಳೀತೇವಿ. ನಡುವಿನ ಅಂತರ ಟೇಪ್ ಹಿಡಿದು ಅಳೀತೇವಿ, ಅಂತರಾನ ಆ ಎರಡು ಹೊತ್ತಿನ ನಡುವಿನ ಫರಕಿನಿಂದ ಭಾಗಿಸಿದ್ರ ವೇಗ ಬರ್ತೈತಿ. ಕೈಯಾಗಿನ ನರಕ್ಕ ಸೆಕೆಂಡಿಗೆ 50 ಮೀಟರ್, ಕಾಲಿಗೆ 40 ಮೀಟರ್ ಆಸುಪಾಸು ಇರಬೇಕು. ನರದ ಮ್ಯಾಲಿನ ಹೊದಿಕಿ, ಮಯಲಿನ್ ಅಂತಾರಲ್ರಿ, ಅದು ಹಾಳಾದ್ರ ವೇಗ ಇಳೀತೈತಿ. ಒಳಗಿನ ತಂತಿನ ಸತ್ತಿದ್ರ ವೇಗ ಅಷ್ಟೇನ ಇಳಿಯಂಗಿಲ್ಲ, ಅಲಿ ಸಣ್ಣದಾಗ್ತೈತಿ.

ಎರಡನೇದು ಇಎಂಜಿ. ಇದರಾಗ ಸಣ್ಣ ಸೂಜಿ ಸ್ನಾಯುವಿನೊಳಗ ಹಾಕ್ತಾರ. ಇದನ್ನ ಡಾಕ್ಟರೇ ಮಾಡ್ತಾರ. ಸೂಜಿಯೊಳಗ ಕರೆಂಟ್ ಇರಂಗಿಲ್ರಿ, ಇದನ್ನ ಎಲ್ಲರಿಗೂ ಹೇಳ್ರಿ! ಅದು ಬರೇ ಮೈಕ್ ಇದ್ದಂಗ, ಒಳಗಿನ ಸಪ್ಪಳ ಕೇಳಸ್ತೈತಿ. ಒಬ್ಬರಿಗೆ ಒಂದು ಸೂಜಿ, ಮುಗಿದ ಮ್ಯಾಲೆ ಒಗದಬಿಡ್ತೇವಿ. ಗಟ್ಟಿಮುಟ್ಟು ಸ್ನಾಯು ಸುಮ್ನ ಇದ್ದಾಗ ಸಪ್ಪಳನ ಇರಂಗಿಲ್ಲ. ನರ ತುಂಡಾದ ಸ್ನಾಯು ಸುಮ್ನ ಬಿಟ್ರೂ ತಗಡಿನ ಮ್ಯಾಲೆ ಮಳಿ ಹನಿ ಬಿದ್ದಂಗ ಟಪ್ ಟಪ್ ಟಪ್ ಅಂತೈತಿ. ಮಯೋಟೋನಿಯಾ ಅಂತ ಒಂದು ರೋಗ ಐತ್ರಿ, ಹಿಡಿದ ಮುಷ್ಟಿ ಲಗೂನ ಬಿಚ್ಚಾಕ ಬರಂಗಿಲ್ಲ, ಅದ್ರಾಗ ಬೈಕಿನ ಎಕ್ಸಲರೇಟರ್ ತಿರುವಿ ಬಿಟ್ಟಂಗ ಏರಿ ಇಳಿಯೋ ಸಪ್ಪಳ ಕೇಳ್ತೈತಿ. ಮೊದಲ ಸಲ ಕೇಳಿದಾಗ ನನಗ ಮೈ ಜುಂ ಅಂದಿತ್ತು.

ಬರೋವಾಗ ಕೈಕಾಲಿಗೆ ಎಣ್ಣಿ, ಕ್ರೀಮ್ ಹಚ್ಚಬ್ಯಾಡ್ರಿ. ರಕ್ತ ತೆಳು ಮಾಡೋ ಗುಳಿಗಿ ತಗೋತಿದ್ರ, ಪೇಸ್‌ಮೇಕರ್ ಇದ್ರ ಮೊದಲ ಹೇಳ್ರಿ. ಇನ್ನೊಂದು, ಥಂಡಿ ಕೈ. ಚಳಿಗಾಲದಾಗ ಬೆಳಿಗ್ಗೆ ಬಸ್ಸಿನ್ಯಾಗ ಕಿಡಕಿ ಬಾಜೂಕ ಕೂತು ಬಂದಿರ್ತಾರ, ಕೈ ಬರ್ಫ್ ಆಗಿರ್ತೈತಿ. ನರ ಥಂಡಿ ಆದ್ರ ವೇಗ ತಾನ ಇಳೀತೈತಿ, ಇಲ್ಲದ ರೋಗ ಕಾಣಸ್ತೈತಿ. ನಾ ಬಿಸಿನೀರಿನ ಚೀಲ ಇಟ್ಟು, ಕೈ 32 ಡಿಗ್ರಿಗೆ ಬಂದ ಮ್ಯಾಲೇನ ಶುರು ಮಾಡೋದು. "ಲಗೂ ಮುಗಸ್ರಿ, ಬಸ್ ಐತಿ" ಅಂತಾರ. ಹತ್ತು ನಿಮಿಷ ತಡೀರಿ ಅಂತೇನಿ.

ಮತ್ತ ಸಿಪಿಕೆ ಮಾತು ಬಂದದ್ದಕ್ಕ ಹೇಳ್ತೇನಿ. ಸಿಪಿಕೆ ರಕ್ತ ಇಎಂಜಿಕ್ಕಿಂತ ಮೊದಲ ಕೊಡ್ರಿ. ಸೂಜಿ ಚುಚ್ಚಿದ ಮ್ಯಾಲೆ ಸಿಪಿಕೆ ಸ್ವಲ್ಪ ಏರ್ತೈತಿ. ತೊಡಿಗೆ ಇಂಜೆಕ್ಷನ್ ಮಾಡಿಸಿದ್ರೂ ಏರ್ತೈತಿ, ಬಿದ್ದು ಪೆಟ್ಟಾಗಿದ್ರೂ ಏರ್ತೈತಿ.

ದಾವಣಗೆರೆ_ಬೆಣ್ಣೆ · ಸೋಮವಾರ ಮಧ್ಯಾಹ್ನ 1:10

ಅಣ್ಣಾ, ಅಯ್ಯೋ, ಹೋದ ಗುರುವಾರ ಜ್ವರಕ್ಕೆ ತೊಡೆಗೆ ಇಂಜೆಕ್ಷನ್ ಹಾಕಿದ್ರು. ಇವತ್ತು ಬೆಳಿಗ್ಗೆ ಸಿಪಿಕೆಗೆ ರಕ್ತ ಕೊಟ್ಟು ಬಂದ್ವಿ. ಸಂಜೆ ರಿಪೋರ್ಟ್.

ವೈಟ್‌ಫೀಲ್ಡ್_ನಿವಾಸಿ · ಸೋಮವಾರ ಮಧ್ಯಾಹ್ನ 2:00

ಇದನ್ನೆಲ್ಲ ಓದಿದ ಮೇಲೆ ನನಗೆ ಅನ್ನಿಸೋದು, ಒಂದೊಂದೇ ಅಂತ ಕಾಯೋದಕ್ಕಿಂತ ಒಂದೇ ಸಲ ಎಲ್ಲ ಟೆಸ್ಟ್ ಮಾಡಿಸಿಬಿಡಬೇಕು. ಮೆದುಳು, ಇಡೀ ಬೆನ್ನುಮೂಳೆ ಎಂಆರ್‌ಐ, ಇಇಜಿ, ಎನ್‌ಸಿವಿ, ಎಲ್ಲಾ. ಈಗ ಪ್ಯಾಕೇಜ್ ಕೂಡ ಇದೆ. 14 ತಿಂಗಳು ಕಳೆದುಕೊಳ್ಳೋದು ಯಾಕೆ?

ಬಸವನಗುಡಿ_ನಿವೃತ್ತ · ಸೋಮವಾರ ಸಂಜೆ 5:20

ವೈಟ್‌ಫೀಲ್ಡಿನವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ನಾನು ಅದೇ ದಾರಿ ಹಿಡಿದವನು, ಆದ್ದರಿಂದ ಹೇಳುತ್ತೇನೆ.

ನನಗೆ 67. ಎರಡು ವರ್ಷದ ಹಿಂದೆ ಪಾದದಲ್ಲಿ ಜೋಮು, ಹತ್ತಿಯ ಮೇಲೆ ನಡೆದ ಹಾಗೆ. ಕತ್ತಲಲ್ಲಿ ತೂರಾಡುತ್ತಿದ್ದೆ. ಮಗ ಅವಸರಪಟ್ಟು ಮೆದುಳಿನ ಎಂಆರ್‌ಐ ಮಾಡಿಸಿದ. ಅದರಲ್ಲಿ ಅರಾಕ್ನಾಯ್ಡ್ ಸಿಸ್ಟ್ ಅಂತ ಒಂದು ಸಣ್ಣ ನೀರಿನ ಗುಳ್ಳೆ ಸಿಕ್ಕಿತು. ಮನೆಯಲ್ಲಿ ಮೂರು ವಾರ ಯಾರಿಗೂ ನಿದ್ದೆಯಿಲ್ಲ. ನನ್ನ ಹೆಂಡತಿ ರಾತ್ರಿ ಎದ್ದು ನಾನು ಉಸಿರಾಡುತ್ತಿದ್ದೇನೆಯೇ ಅಂತ ನೋಡುತ್ತಿದ್ದಳು. ಕೊನೆಗೆ ನರರೋಗ ತಜ್ಞರು ನೋಡಿ, ಇದು ಹುಟ್ಟಿನಿಂದಲೇ ಬಂದಿರುವಂಥದ್ದು, ನಿಮ್ಮ ಕಾಲಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದರು.

ಅವರು ಮಾಡಿದ್ದೇನು? ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಕಾಲಿನ ಹೆಬ್ಬೆರಳಿಗೆ ಇಟ್ಟು "ಗೊತ್ತಾಗುತ್ತಾ?" ಎಂದರು. ಗೊತ್ತಾಗಲಿಲ್ಲ. ಪಾದದ ಗಂಟಿಗೆ ಇಟ್ಟರು, ಇಲ್ಲ. ಮೊಣಕಾಲಿಗೆ ಬಂದಾಗ ಗುಂಯ್ ಎಂದಿತು. ಕಣ್ಣು ಮುಚ್ಚಿ ನಿಲ್ಲಲು ಹೇಳಿದರು, ಬೀಳುವವನಿದ್ದೆ, ಹಿಡಿದುಕೊಂಡರು. ನೇರವಾಗಿ ವಿಟಮಿನ್ ಬಿ12 ರಕ್ತ ಪರೀಕ್ಷೆ ಬರೆದರು. 200ಕ್ಕಿಂತ ಮೇಲಿರಬೇಕಾದದ್ದು 96 ಇತ್ತು. ನಾನು ಶುದ್ಧ ಸಸ್ಯಾಹಾರಿ, ಸಕ್ಕರೆ ಕಾಯಿಲೆಗೆ ಹತ್ತು ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಎರಡೂ ಬಿ12 ಇಳಿಸುತ್ತವಂತೆ. ಇಂಜೆಕ್ಷನ್ ಕೊಟ್ಟರು. ಜೋಮು ಪೂರ್ತಿ ಹೋಗಿಲ್ಲ, ಆದರೆ ಈಗ ಕತ್ತಲಲ್ಲಿ ಬಚ್ಚಲಿಗೆ ಒಬ್ಬನೇ ಹೋಗಿಬರುತ್ತೇನೆ. ಎಂಆರ್‌ಐ ಒಳ್ಳೆಯ ಪರೀಕ್ಷೆಯೇ. ನಮ್ಮ ಪ್ರಶ್ನೆ ಪಾದದ್ದು, ನಾವು ಕೇಳಿದ್ದು ತಲೆಯನ್ನು.

ವೈಟ್‌ಫೀಲ್ಡ್_ನಿವಾಸಿ · ಸೋಮವಾರ ಸಂಜೆ 6:05

ಸರ್, ಒಪ್ಪಿದೆ. ಆದರೆ ಪಾರ್ಶ್ವವಾಯು ಹೊಡೆದಾಗ "ಮೊದಲು ಪರೀಕ್ಷಿಸಿ ನೋಡೋಣ" ಅಂತ ಕೂತರೆ? ನಮ್ಮ ದೊಡ್ಡಪ್ಪನ ವಿಷಯದಲ್ಲಿ ಸ್ಕ್ಯಾನ್ ಮಾಡಿಸೋಕೆ ಮಾರನೇ ದಿನ ಆಯ್ತು. ಅದಕ್ಕೇ ನನಗೆ ಈ ಭಯ.

ಮೈಸೂರು_ಮಕ್ಕಳ_ಡಾಕ್ಟರ್ · ಸೋಮವಾರ ಸಂಜೆ 6:40

ದೊಡ್ಡಪ್ಪನವರ ವಿಷಯ ಕೇಳಿ ಬೇಸರವಾಯಿತು. ಅದು ಬೇರೆಯೇ ಲೆಕ್ಕ, ಅಲ್ಲಿ ನೀವು ಹೇಳಿದ್ದೇ ಸರಿ. ಬಾಯಿ ಸೊಟ್ಟಗಾಯಿತು, ಕೈ ಬಿದ್ದುಹೋಯಿತು, ಮಾತು ತೊದಲಿತು ಅಂದರೆ ಆ ಕ್ಷಣವೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಸಿಟಿ ಕೆಲವೇ ನಿಮಿಷದ್ದು, ರಕ್ತಸ್ರಾವವೋ ಅಲ್ಲವೋ ಅನ್ನುವುದನ್ನು ತಕ್ಷಣ ಹೇಳುತ್ತದೆ. ರಕ್ತಸ್ರಾವ ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಲಕ್ಷಣ ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ದಾವಣಗೆರೆ_ಬೆಣ್ಣೆ · ಸೋಮವಾರ ರಾತ್ರಿ 8:15

ರಿಪೋರ್ಟ್ ಬಂತು. ಸಿಪಿಕೆ 412. ರೇಂಜ್ 200ರ ಒಳಗೆ ಅಂತ ಇದೆ. ಜಿಜಿಟಿ ಈ ಸಲ ಕಳಿಸಿಲ್ಲ. ಊಟ ಇಳೀತಿಲ್ಲ ನನಗೆ.

ಮೈಸೂರು_ಮಕ್ಕಳ_ಡಾಕ್ಟರ್ · ಸೋಮವಾರ ರಾತ್ರಿ 8:31

ಅಮ್ಮಾ, ಊಟ ಮಾಡಿ. ಈ ವಯಸ್ಸಿನ ಡುಶೆನ್ ಮಗುವಿನಲ್ಲಿ ನಾವು ನೋಡುವುದು ಸಾವಿರಗಳಲ್ಲಿ, ಬಹಳ ಸಲ ಹತ್ತು ಸಾವಿರದ ಮೇಲೆ. 412 ಅಂದರೆ ಆ ಸಂಖ್ಯೆಯೇ ಅಲ್ಲ. ಇಂಜೆಕ್ಷನ್ನಿನ ಪರಿಣಾಮ ಇರಬಹುದು. ನಿಮ್ಮ ವೈದ್ಯರಿಗೆ ಇಂಜೆಕ್ಷನ್ ವಿಷಯ ತಿಳಿಸಿ. ಒಂದೆರಡು ವಾರ ಬಿಟ್ಟು, ಇಂಜೆಕ್ಷನ್ ಇಲ್ಲದೆ, ಹಿಂದಿನ ದಿನ ಕುಣಿದಾಟ ಕಡಿಮೆ ಮಾಡಿಸಿ ಮತ್ತೊಮ್ಮೆ ನೋಡಲಿ. ಜೊತೆಗೆ ಜಿಜಿಟಿ.

ಮಂಗಳೂರು_ಕಡಲು · ಸೋಮವಾರ ರಾತ್ರಿ 10:50

ನನ್ನ ಗಂಡನಿಗೆ ಗಿಯಾನ್-ಬಾರೆ ಸಿಂಡ್ರೋಮ್ ಆಗಿತ್ತು, ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡಿ ಕೈಕಾಲು ಸೋಲಿಸುವ ಕಾಯಿಲೆ. ಬೆನ್ನಿನ ನೀರು ತೆಗೆಯುವ ಬಗ್ಗೆ ಕೇಳಿದ್ದೀರಲ್ಲ, ಅದನ್ನು ಬರೆಯುತ್ತೇನೆ.

ಅದಕ್ಕೆ ಎರಡು ವಾರ ಮುಂಚೆ ಭೇದಿ ಆಗಿ ಗುಣವಾಗಿತ್ತು. ಒಂದು ಬೆಳಿಗ್ಗೆ ಚಪ್ಪಲಿ ಕಾಲಿನಿಂದ ಜಾರುತ್ತಿದೆ ಎಂದರು. ಮರುದಿನ ಮೆಟ್ಟಿಲು ಹತ್ತಲಾಗಲಿಲ್ಲ. ಮೂರನೇ ದಿನ ಕೈಯಿಂದ ಲೋಟ ಬಿತ್ತು. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆಯಬೇಕು ಎಂದಾಗ ಅತ್ತೆ ಖಡಾಖಂಡಿತ ಬೇಡ ಎಂದರು. ಬೆನ್ನುಹುರಿಗೆ ಸೂಜಿ ತಾಗಿದರೆ ಕಾಲು ಶಾಶ್ವತವಾಗಿ ಹೋಗುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಬೆನ್ನುಹುರಿ ಸೊಂಟದ ಮೇಲೆಯೇ, ಮೊದಲ ಅಥವಾ ಎರಡನೇ ಸೊಂಟದ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕು ಅಥವಾ ನಾಲ್ಕು-ಐದನೇ ಮೂಳೆಯ ನಡುವೆ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ದೇಹದಲ್ಲಿ ಈ ನೀರು ಒಂದು ಹೊತ್ತಿಗೆ ಸುಮಾರು 150 ಎಂಎಲ್ ಇರುತ್ತದೆ, ದಿನಕ್ಕೆ 500 ಎಂಎಲ್‌ನಷ್ಟು ಹೊಸದಾಗಿ ಹುಟ್ಟುತ್ತದೆ, ನಾವು ತೆಗೆಯುವುದು ಕೆಲವು ಚಮಚ ಎಂದರು. ಅತ್ತೆ ಆ ಚಿತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸಹಿ ಹಾಕಲು ಒಪ್ಪಿದರು.

ಮಗು ಹೊಟ್ಟೆಯಲ್ಲಿ ಇದ್ದ ಹಾಗೆ ಮೊಣಕಾಲು ಎದೆಗೆ ತಾಗಿಸಿ ಒಂದು ಮಗ್ಗುಲಲ್ಲಿ ಮಲಗಿಸಿದರು. ಮರಗಟ್ಟಿಸುವ ಇಂಜೆಕ್ಷನ್ ಉರಿಯಿತು, ಅದರ ನಂತರ ಒತ್ತಿದ ಹಾಗೆ ಮಾತ್ರ ಆಯಿತಂತೆ. ನೀರು ಹನಿ ಹನಿಯಾಗಿ ಬಂತು, ಬಾವಿಯ ನೀರಿನಷ್ಟು ತಿಳಿ. ಎರಡು ದಿನ ಎದ್ದು ಕುಳಿತರೆ ತಲೆನೋವು, ಮಲಗಿದರೆ ಇಲ್ಲ. ಅದು ಸಾಮಾನ್ಯವಂತೆ, ಹೋಯಿತು.

ಆ ಪರೀಕ್ಷೆ ನಾರ್ಮಲ್ ಬಂತು! ನರದ ವೇಗದ ಪರೀಕ್ಷೆಯೂ ಹೆಚ್ಚುಕಡಿಮೆ ನಾರ್ಮಲ್. ನಾನು ಖುಷಿಪಟ್ಟೆ. ಡಾಕ್ಟರು ಖುಷಿಪಡಲಿಲ್ಲ. ಮೊದಲ ವಾರದಲ್ಲಿ ಎರಡೂ ಸರಿಯಾಗಿಯೇ ಕಾಣಬಹುದು, ಮೊಣಕಾಲಿಗೆ ಸುತ್ತಿಗೆ ಬಡಿದರೆ ಕಾಲು ಹಾರುತ್ತಿಲ್ಲ, ನನಗೆ ಅದು ಸಾಕು ಎಂದರು. ಉಸಿರಾಟದ ಸ್ನಾಯು ಸೋಲುತ್ತಿದೆಯೇ ಎಂದು ನೋಡಲು ಪ್ರತಿ ನಾಲ್ಕು ಗಂಟೆಗೊಮ್ಮೆ ನರ್ಸ್ ಬಂದು "ಒಂದೇ ಉಸಿರಿನಲ್ಲಿ ಎಣಿಸಿ" ಎನ್ನುತ್ತಿದ್ದರು. ಬೆಳಿಗ್ಗೆ ಇವರು 34ರವರೆಗೆ ಎಣಿಸಿದರು. ಸಂಜೆ 27. ರಾತ್ರಿ ಹತ್ತಕ್ಕೆ ಹದಿನೆಂಟು ಎಂದು ನಿಲ್ಲಿಸಿ ನನ್ನ ಮುಖ ನೋಡಿದರು. ಹತ್ತು ನಿಮಿಷದೊಳಗೆ ಐಸಿಯುಗೆ ಸಾಗಿಸಿದರು. ಐವಿಐಜಿ (ರಕ್ತನಾಳಕ್ಕೆ ಕೊಡುವ ಆಂಟಿಬಾಡಿ ಔಷಧಿ) ಐದು ದಿನದ ಕೋರ್ಸ್ ಆಗಲೇ ಶುರು ಮಾಡಿದ್ದರು, ರಿಪೋರ್ಟಿಗೆ ಕಾಯಲಿಲ್ಲ. ಒಂಬತ್ತನೇ ದಿನ ಮತ್ತೆ ನೀರು ತೆಗೆದಾಗ ಪ್ರೋಟೀನ್ 45ರ ಒಳಗೆ ಇರಬೇಕಾದದ್ದು 142, ಬಿಳಿಕಣ ಮಾತ್ರ ಎರಡೇ. ಅದೇ ಈ ಕಾಯಿಲೆಯ ಗುರುತಂತೆ. 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಕಂಡದ್ದೂ ಇದನ್ನೇ.

ಈಗ ನಡೆಯುತ್ತಾರೆ. ಬೈಕ್ ಇನ್ನೂ ಇಲ್ಲ.

ತೀರ್ಥಹಳ್ಳಿ_ಅಮ್ಮ · ಸೋಮವಾರ ರಾತ್ರಿ 11:20

ಹದಿನೆಂಟು ಅಂದದ್ದು ಓದಿ ಕಣ್ಣಲ್ಲಿ ನೀರು ಬಂತು. ಒಂದು ಉಸಿರು, ಒಂದು ಎಣಿಕೆ. ಇದನ್ನ ಎಲ್ಲರೂ ಓದಬೇಕು.

ತುಮಕೂರು_ಹುಡುಗ · ಮಂಗಳವಾರ ಬೆಳಿಗ್ಗೆ 8:00

ನನ್ನದು ಇಇಜಿ. ಫಿಟ್ಸ್ ಬಂದಿದ್ದು 19ನೇ ವಯಸ್ಸಲ್ಲಿ, ಹಾಸ್ಟೆಲ್‌ನಲ್ಲಿ. ಮೊದಲ ಇಇಜಿ ನಾರ್ಮಲ್ ಬಂತು. ಮನೆಯವರೆಲ್ಲ "ನೋಡು, ಏನೂ ಇಲ್ಲ, ಟೆನ್ಷನ್ ಅಷ್ಟೇ" ಅಂತ ಮಾತ್ರೆ ನಿಲ್ಲಿಸಿಬಿಟ್ರು. ಎರಡು ತಿಂಗಳಿಗೆ ಮತ್ತೆ ಬಂತು, ಬಸ್ ಸ್ಟ್ಯಾಂಡಲ್ಲಿ. ಹಲ್ಲು ಮುರೀತು.

ಆಮೇಲೆ ಡಾಕ್ಟ್ರು ಬಿಡಿಸಿ ಹೇಳಿದ್ರು. ಇಇಜಿ ಅಂದ್ರೆ ಅರ್ಧ ಗಂಟೆ ಮೆದುಳಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಹಾಗೆ. ಆ ಅರ್ಧ ಗಂಟೆ ಒಳಗೆ ಗಲಾಟೆ ಆಗದಿದ್ರೆ ಗಲಾಟೆ ಆಗೋದೇ ಇಲ್ಲ ಅಂತ ಅರ್ಥ ಅಲ್ಲ. ಫಿಟ್ಸ್ ಇರೋ ಎಷ್ಟೋ ಜನಕ್ಕೆ ಮೊದಲ ಸಲ ನಾರ್ಮಲ್ ಬರುತ್ತೆ. ಎರಡನೇ ಸಲ ರಾತ್ರಿ ನಿದ್ದೆಗೆಡಿಸಿ ಕರೆದ್ರು. ತಲೆಗೆ ಎಣ್ಣೆ ಹಾಕದೆ ಶಾಂಪೂ ಮಾಡಿ ಹೋಗಿದ್ದೆ. ಟೇಪ್ ಹಿಡಿದು ತಲೆ ಅಳೆದು, ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಪೇಸ್ಟ್ ಹಚ್ಚಿ ಇಪ್ಪತ್ತೊಂದು ವೈರ್ ಅಂಟಿಸಿದ್ರು. ಮೂರು ನಿಮಿಷ ಜೋರಾಗಿ ಉಸಿರಾಡಿಸ್ತಾರೆ, ಕಣ್ಣ ಮುಂದೆ ಲೈಟ್ ಮಿನುಗಿಸ್ತಾರೆ, ನಿದ್ದೆ ಮಾಡಿಸ್ತಾರೆ. ನೋವು ಒಂಚೂರೂ ಇಲ್ಲ. ಕರೆಂಟ್ ಒಳಗೆ ಹೋಗಲ್ಲ, ಅದು ಬರೆದುಕೊಳ್ಳುತ್ತೆ ಅಷ್ಟೇ. ಜರ್ಮನಿಯ ಹಾನ್ಸ್ ಬರ್ಗರ್ ಅನ್ನೋರು 1924ರಲ್ಲಿ ಮನುಷ್ಯನ ಮೆದುಳಿನ ಅಲೆ ಮೊದಲ ಸಲ ದಾಖಲಿಸಿದ್ದಂತೆ. ನಿದ್ದೆ ಹತ್ತೋ ಹೊತ್ತಲ್ಲಿ ನಂದು ಸಿಕ್ಕಿತು.

ಆದರೆ ಡಾಕ್ಟ್ರಿಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ನನ್ನ ರೂಮ್‌ಮೇಟ್ ಫೋನಲ್ಲಿ ತೆಗೆದ 40 ಸೆಕೆಂಡಿನ ವಿಡಿಯೋ. ತಲೆ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಸೆಟೆದುಕೊಂಡಿತು ಅಂತ ಮೂರು ಸಲ ನೋಡಿದ್ರು. ಯಾರಿಗಾದ್ರೂ ಫಿಟ್ಸ್ ಬಂದ್ರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಇಡಬೇಡಿ, ಕಬ್ಬಿಣ ಕೊಡಬೇಡಿ. ಇನ್ನೊಬ್ಬರು ವಿಡಿಯೋ ತೆಗೀಲಿ. ನನಗೆ ಅವನು ಮಾಡಿದ ಉಪಕಾರ ಅದು. ಈಗ ನಾಲ್ಕು ವರ್ಷದಿಂದ ಫಿಟ್ಸ್ ಇಲ್ಲ, ಮಾತ್ರೆ ತಪ್ಪಿಸಲ್ಲ.

ಚಿತ್ರದುರ್ಗ_ಟೀಚರ್ · ಮಂಗಳವಾರ ಸಂಜೆ 7:45

ಚಿಕ್ಕದಾಗಿ ಬರೀತೀನಿ. ಸಂಜೆ ಆದ್ರೆ ಎಡಗಣ್ಣಿನ ರೆಪ್ಪೆ ಇಳೀತಿತ್ತು, ಕೊನೇ ಪಿರಿಯಡ್‌ನಲ್ಲಿ ಬೋರ್ಡು ಎರಡೆರಡು ಕಾಣ್ತಿತ್ತು. ಎರಡು ಎಂಆರ್‌ಐ ಆದವು, ಎರಡೂ ನಾರ್ಮಲ್. ಮೂರನೇ ಕಡೆ ಡಾಕ್ಟರು ಕರ್ಚೀಫಿನಲ್ಲಿ ಐಸ್ ಸುತ್ತಿ ಮುಚ್ಚಿದ ಕಣ್ಣಿನ ಮೇಲೆ ಎರಡು ನಿಮಿಷ ಇಟ್ಟರು. ತೆಗೆದಾಗ ರೆಪ್ಪೆ ಎದ್ದಿತ್ತು! ಮಯಸ್ತೇನಿಯಾ. ನರ ಮತ್ತು ಸ್ನಾಯು ಕೂಡುವ ಜಾಗದ ತೊಂದರೆ, ಅದು ಸ್ಕ್ಯಾನ್‌ನಲ್ಲಿ ಕಾಣೋದೇ ಇಲ್ಲ. ನರಕ್ಕೆ ಮತ್ತೆ ಮತ್ತೆ ಸಣ್ಣ ಶಾಕ್ ಕೊಟ್ಟು ಸ್ನಾಯು ಸುಸ್ತಾಗುತ್ತಾ ಅಂತ ನೋಡಿದರು, ರಕ್ತದಲ್ಲಿ ಆಂಟಿಬಾಡಿ ನೋಡಿದರು, ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದೆಯಾ ಅಂತ ಎದೆಯ ಸಿಟಿ ಮಾಡಿದರು. ಈ ಖಾಯಿಲೆ ಇರೋರು ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲೇ ಹೇಳಿ, ಕೆಲವು ಆಂಟಿಬಯಾಟಿಕ್ ನಮಗೆ ಆಗಲ್ಲ.

ಹಾಸನ_ಅಣ್ಣ · ಬುಧವಾರ ಬೆಳಿಗ್ಗೆ 9:15

ತೀರ್ಥಹಳ್ಳಿ ಮೇಡಂ, ಖರ್ಚು ಹೇಗೆ ನಿಭಾಯಿಸಿದ್ರಿ? ನಮ್ಮ ಅಕ್ಕನ ಮಗನಿಗೂ ಇದೇ ಖಾಯಿಲೆ ಅಂತ ಅನುಮಾನ. ಮತ್ತೆ ನನ್ನ ತಂಗಿಗೆ ಮದುವೆ ಗೊತ್ತಾಗಿದೆ. ಅವಳಲ್ಲೂ ಈ ಜೀನ್ ತಪ್ಪು ಇದೆಯಾ ಅಂತ ನೋಡೋಕೆ ಸಿಪಿಕೆ ಒಂದು ಮಾಡಿಸಿದ್ರೆ ಸಾಕಲ್ವಾ?

ತೀರ್ಥಹಳ್ಳಿ_ಅಮ್ಮ · ಬುಧವಾರ ಮಧ್ಯಾಹ್ನ 3:30

ಸಾಕಾಗಲ್ಲ ಅಣ್ಣಾ. ಈ ತಪ್ಪಿರುವ ಜೀನ್ ಇಟ್ಟುಕೊಂಡ ಹೆಣ್ಣುಮಕ್ಕಳಲ್ಲಿ ಸಿಪಿಕೆ ನಾರ್ಮಲ್ ಇರಬಹುದು. ನನ್ನದೇ ನಾರ್ಮಲ್ ಇತ್ತು. ಮೊದಲು ಹುಡುಗನ ಜೀನ್‌ನಲ್ಲಿ ಎಲ್ಲಿ ತಪ್ಪಿದೆ ಅಂತ ಗೊತ್ತಾಗಬೇಕು, ಆಮೇಲೆ ಅವನ ಅಮ್ಮನದು, ಅವರಲ್ಲಿ ಸಿಕ್ಕರೆ ತಂಗಿಯದು. ಈ ಕ್ರಮದಲ್ಲಿ ಹೋದರೆ ಖರ್ಚೂ ಕಮ್ಮಿ. ಮೂರರಲ್ಲಿ ಎರಡು ಪಾಲು ತಾಯಂದಿರಲ್ಲಿ ಇರುತ್ತೆ, ಉಳಿದವರಲ್ಲಿ ಮಗುವಿನಲ್ಲೇ ಹೊಸದಾಗಿ ಆಗಿರುತ್ತೆ. ನನ್ನಲ್ಲಿ ಇತ್ತು.

ಅದನ್ನ ಕೇಳಿದ ದಿನದ್ದು ಬರೆಯೋದು ಕಷ್ಟ. ನನ್ನಿಂದ ಬಂತು ಅನ್ನೋದು ಎದೆಯಲ್ಲಿ ಕೂತುಬಿಡ್ತು. ನಮ್ಮ ಅತ್ತೆ ಅವತ್ತು ರಾತ್ರಿ ಅಡುಗೆಮನೆಗೆ ಬಂದು, ನನ್ನ ಕೈಯಿಂದ ಪಾತ್ರೆ ತಗೊಂಡು, "ನಿನ್ನ ಕಣ್ಣೂ ಅವನಿಗೆ ಬಂದಿದೆ ಕಣೇ" ಅಂದರು. ಅಷ್ಟೇ ಅಂದಿದ್ದು. ಜೆನೆಟಿಕ್ ಕೌನ್ಸೆಲಿಂಗ್ ಅಂತ ಇರುತ್ತೆ, ತಪ್ಪಿಸಬೇಡಿ, ತಂಗಿಯನ್ನೂ ಹುಡುಗನ ಕಡೆಯವರನ್ನೂ ಕರೆದುಕೊಂಡೇ ಹೋಗಿ. ಮುಚ್ಚಿಡಬೇಡಿ. ಮುಂದೆ ಗರ್ಭಿಣಿಯಾದಾಗ ನೋಂದಾಯಿತ ಕೇಂದ್ರದಲ್ಲಿ ಕಾನೂನಿನ ಪ್ರಕಾರವೇ ಪರೀಕ್ಷೆ ಮಾಡಿಸೋಕೆ ಅವಕಾಶ ಇದೆ. ಜೀನ್ ಇರೋ ಹೆಣ್ಣುಮಕ್ಕಳು ಹೃದಯದ ಎಕೋ ಕೂಡ ಮಾಡಿಸಿಕೊಳ್ತಾ ಇರಬೇಕು, ಇದನ್ನ ಯಾರೂ ಹೇಳಲ್ಲ.

ಖರ್ಚಿಗೆ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕೆಳಗೆ ಏನೇನು ಬರುತ್ತೆ ಅಂತ ಜಿಲ್ಲಾಸ್ಪತ್ರೆಯಲ್ಲೇ ಕೇಳಿ, ರೆಫರಲ್ ಚೀಟಿ ಬರೆಸಿಕೊಂಡು ಹೊರಡಿ. ನಾವು ಹೋಗಿದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ. ರಾತ್ರಿ ಬಸ್ಸಿಗೆ ಹೋಗಿ ಬೆಳಗಿನ ಜಾವವೇ ಸಾಲಲ್ಲಿ ನಿಂತೆವು. ಹಳೆಯ ಎಲ್ಲ ರಿಪೋರ್ಟ್ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ, ಸಿಡಿ, ಫಿಲ್ಮ್ ಸಮೇತ. ನನ್ನ 14 ತಿಂಗಳ ಫೈಲನ್ನ ಅಲ್ಲಿನ ಡಾಕ್ಟರು ಎರಡು ನಿಮಿಷದಲ್ಲಿ ತಿರುವಿದರು. ಜೋಡಿಸಿಲ್ಲದಿದ್ದರೆ ಆ ಎರಡು ನಿಮಿಷವೂ ಸಿಗುತ್ತಿರಲಿಲ್ಲ. ಇನ್ನೊಂದು, ಮಸ್ಕ್ಯುಲರ್ ಡಿಸ್ಟ್ರೋಫಿ 2016ರ ಅಂಗವಿಕಲರ ಕಾಯ್ದೆಯ 21 ವಿಧಗಳಲ್ಲಿ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ನಮ್ಮ ಶಾಲೆಯಲ್ಲಿ ಆ ಕಾರ್ಡ್ ತೋರಿಸಿದ ಮೇಲೆ ಮೂರನೇ ಕ್ಲಾಸನ್ನ ಕೆಳಗಿನ ಮಹಡಿಗೆ ತಂದರು.

ವೈಟ್‌ಫೀಲ್ಡ್_ನಿವಾಸಿ · ಬುಧವಾರ ರಾತ್ರಿ 9:00

ಅಮ್ಮನಿಗೆ ಒಂದು ತಿಂಗಳಿಂದ ಬೆರಳು ಜೋಮು, ರಾತ್ರಿ ಎದ್ದು ಕೈ ಕೊಡವುತ್ತಾರೆ. ಎಂಆರ್‌ಐ ಬುಕ್ ಮಾಡಿದ್ದೆ, ಕ್ಯಾನ್ಸಲ್ ಮಾಡಿದೆ. ನಾಳೆ ಮೊದಲು ಡಾಕ್ಟರಿಗೆ ತೋರಿಸ್ತೀನಿ.

ಹುಬ್ಬಳ್ಳಿ_ಇಎಂಜಿ · ಬುಧವಾರ ರಾತ್ರಿ 9:12

ರಾತ್ರಿ ಕೈ ಝಾಡಸ್ತಾರ ಅಂದ್ರ ಮಣಿಕಟ್ಟಿನ ನರ ಒತ್ತಿರಬಹುದ್ರಿ. ಎನ್‌ಸಿವಿ ಬರದ್ರ ಸ್ವೆಟರ್ ಹಾಕಿ ಕರಕೊಂಡು ಹೋಗ್ರಿ. ಕೈ ಬೆಚ್ಚಗ ಇರಲಿ.

ದಾವಣಗೆರೆ_ಬೆಣ್ಣೆ · ಎರಡು ವಾರದ ನಂತರ, ಗುರುವಾರ ಸಂಜೆ 6:30

ಅಕ್ಕಾ, ಡಾಕ್ಟರ್ ಸರ್, ಅಣ್ಣಾ. ಮತ್ತೆ ಮಾಡಿಸಿದ್ವಿ. ಸಿಪಿಕೆ 124. ಜಿಜಿಟಿ ಮಾತ್ರ ಜಾಸ್ತಿ ಇದೆ, 78. ನಮ್ಮ ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು, "ಈಗ ಸ್ನಾಯು ಅಲ್ಲ ಅಂತ ಧೈರ್ಯವಾಗಿ ಹೇಳಬಹುದು, ಇದು ಲಿವರೇ" ಅಂದರು. ಸುಮ್ಮನೆ ಸಿರಪ್ ಕೊಡೋದು ಬೇಡ, ಕಾರಣ ಹುಡುಕೋಣ ಅಂತ ಅವರೇ ಹೇಳಿದರು. ಸ್ಕ್ಯಾನಿಂಗ್ ಆಯ್ತು. ವಿಲ್ಸನ್ ಅನ್ನೋ ಖಾಯಿಲೆಗೆ ಸೆರುಲೋಪ್ಲಾಸ್ಮಿನ್ ಅಂತ ರಕ್ತ ಕಳಿಸಿದ್ದಾರೆ, ಅದರಲ್ಲಿ ತಾಮ್ರ ಲಿವರಲ್ಲೂ ಮೆದುಳಲ್ಲೂ ಕೂಡಿಕೊಳ್ಳುತ್ತಂತೆ, ಬೇಗ ಸಿಕ್ಕರೆ ಔಷಧಿ ಇದೆಯಂತೆ. ಮೊದಲ ಸಲ ಡಾಕ್ಟರ ಹತ್ತಿರ ಇಪ್ಪತ್ತು ನಿಮಿಷ ಕೂತು ಮಾತಾಡಿದೆ. ನಾನು ಕೇಳಿದೆ, ಅವರು ಹೇಳಿದರು.

ತೀರ್ಥಹಳ್ಳಿ_ಅಮ್ಮ · ಗುರುವಾರ ರಾತ್ರಿ 8:05

ತಂಗಿ, 124 ಅನ್ನೋದನ್ನ ಓದಿ ನಾನು ದೇವರ ಮುಂದೆ ದೀಪ ಹಚ್ಚಿದೆ. ಆ ರಕ್ತದ ರಿಪೋರ್ಟ್ ಬಂದ ದಿನ ಇಲ್ಲೇ ಬರೆಯಿರಿ, ನಾವೆಲ್ಲ ಕಾಯ್ತಾ ಇರ್ತೀವಿ. ಮಗನಿಗೆ ತುಪ್ಪ ಕೊಡಬಹುದಾ ಅಂತಲೂ ಡಾಕ್ಟರ ಹತ್ತಿರ ಕೇಳಿ. ಕೊಡಬಹುದು ಅಂದರೆ ಇವತ್ತೇ ಕೊಡಿ.